ಸೋಮಮ್ಮನ ಅಂಗಡಿ ಸ್ಟಾಪ್

ಬೋಗಾದಿಯ ಚರಿತ್ರೆ ಪುಸ್ತಕವಾಗುತ್ತದಂತೆ ಎಂದು ಕೇಳಿದ ದಿನದಿಂದ ಮಂಟಯ್ಯನಿಗೆ ಒಂದೇ ಹಟ: ಅದರಲ್ಲಿ ತನ್ನ ಹೆಸರು ಇರಬೇಕು, ನಾಲ್ಕು ಮನೆ ಆಚೆಯ ಸೋಮಮ್ಮನ ಹೆಸರು ಇರಕೂಡದು.

ಹೊಟ್ಟೆಕಿಚ್ಚು ಅಂದರೆ ಇದು ನೋಡಿ! ಸುತ್ತ ಬರೀ ರಾಗಿ ಹೊಲವಿದ್ದ ಕಾಲದಲ್ಲಿ ಸೋಮಮ್ಮ ಟೀ ಅಂಗಡಿ ಇಟ್ಟಳು. ಎಂಟೇ ದಿನಕ್ಕೆ ಮಂಟಯ್ಯನೂ ಇಟ್ಟ. ಲೇಔಟುಗಳು ಎದ್ದವು, ಗಾರೆ ಕೆಲಸದವರು ಬಂದರು. ಅವಳು ಮುದ್ದೆ ಊಟ ಹಾಕಿದಳು. ಕಾಲೇಜು ಹುಡುಗರು ಬಂದರು, ಮೆಸ್ಸು ತೆರೆದಳು. ಈಗ ಅವಳದು ಮೂರಂತಸ್ತಿನ ಪಿಜಿ. ಮಂಟಯ್ಯನದು ಅದೇ ತಗಡಿನ ಅಂಗಡಿ, ಅದೇ ಟೀ. ಪಾಪ, ಅವನು ತನ್ನ ಒಲೆ ನೋಡಿದ್ದಕ್ಕಿಂತ ಅವಳ ಬಾಗಿಲು ನೋಡಿದ್ದೇ ಹೆಚ್ಚು.

ಅವಳಿನ್ನೂ ಮುದ್ದೆ ಊಟ ಹಾಕುತ್ತಿದ್ದ ಕಾಲದಲ್ಲಿ, ಸಿಟಿ ಬಸ್ಸು ಅವಳ ಅಂಗಡಿ ಮುಂದೆ ನಿಲ್ಲುತ್ತದೆಂದು ಇವನಿಗೆ ನಿದ್ದೆ ಬರುತ್ತಿರಲಿಲ್ಲ. ವರ್ಷವಿಡೀ ಅರ್ಜಿ ಹಿಡಿದು ಚಪ್ಪಲಿ ಸವೆಸಿ, ಸ್ಟಾಪನ್ನು ತನ್ನ ಅಂಗಡಿ ಮುಂದಕ್ಕೆ ತಂದೇಬಿಟ್ಟ. ಸ್ಟಾಪೇನೋ ಬಂತು. ಹಾಳಾದ್ದು, ಹೆಸರೂ ಅದರ ಹಿಂದೆಯೇ ಬಂತು.

ಚರಿತ್ರೆ ಬರೆಯುತ್ತಿದ್ದ ಮೇಡಂ ಸಂಘಮಿತ್ರ ಒಂದು ಬೆಳಿಗ್ಗೆ ನೋಟ್‌ಬುಕ್ ಹಿಡಿದು ಬಂದಳು.

"ಬರ್ಕೊ ಕಣಮ್ಮ, ಊರಿಗೆ ಮೊದ್ಲು ಅಂಗಡಿ ಇಟ್ಟೋನು ನಾನೇ."

"ಸೋಮಮ್ಮೋರು?"

"ಅವ್ಳು ಆಮ್ಯಾಕೆ ಬಂದೋಳು, ಬುಡು."

ಅಷ್ಟರಲ್ಲಿ ಬಸ್ಸು ಬಂದು ಅವನ ಮೂಗಿನ ಮುಂದೆಯೇ ನಿಂತಿತು. "ಸೋಮಮ್ಮನ ಅಂಗಡೀ! ಯಾರ್ರೀ ಇಳಿಯೋರು?" ಎಂದು ಕಂಡಕ್ಟರ್ ಕೂಗಿದ. ಮಂಟಯ್ಯನಿಗೆ ಮೈಯೆಲ್ಲ ಉರಿದುಹೋಯಿತು.

ಸಂಘಮಿತ್ರ ನಗು ತಡೆದುಕೊಂಡಳು. "ತಾತ, ನಿನ್ನೆ ಅವ್ರ ಹತ್ರ ಹೋಗಿದ್ದೆ. 'ಮೊದ್ಲು ಮಂಟಣ್ಣನ ಹೆಸರು ಬರ್ಕೊ' ಅಂದ್ರು."

"ಆಂ? ಸೋಮಿ ಅಂಗಂದ್ಲಾ?"

"ಹೂಂ. 'ಅಣ್ಣ ಪಕ್ಕದಲ್ಲೇ ಟೀ ಅಂಗಡಿ ಇಡ್ದೆ ಇದ್ದಿದ್ರೆ ನಾನು ಊಟ ಹಾಕೋಕೆ ಹೋಗ್ತಿರ್ಲಿಲ್ಲ. ಬಸ್ ಸ್ಟಾಪ್ ಕಿತ್ಕೊಳ್ದೆ ಇದ್ದಿದ್ರೆ ಮೆಸ್ಸೂ ಮಾಡ್ತಿರ್ಲಿಲ್ಲ. ಈ ಮೂರಂತಸ್ತು ಅಣ್ಣನ ದಯೆ' ಅಂದ್ರು."

ಮಂಟಯ್ಯ ತಲೆ ಎತ್ತಿ ಆ ಮೂರಂತಸ್ತನ್ನು ನೋಡಿದ. ಮೇಲಿನ ಮಹಡಿಯಲ್ಲಿ ಹುಡುಗರ ಬಟ್ಟೆಗಳು ಒಣಗುತ್ತಿದ್ದವು.

"ಅದ್ನೆಲ್ಲ ಬರ್ಕೊಂಡ್ಯಾ?"

"ಮೊದಲನೇ ಪುಟದಲ್ಲೇ, ತಾತ."

"ನಿನ್ ದಮ್ಮಯ್ಯ ಕಣಮ್ಮ," ಎಂದ ಮಂಟಯ್ಯ, "ನನ್ ಹೆಸರು ಹೊಡೆದಾಕ್ಬುಡು."