ಪಂಪಿನ ಕೊರಳು

ಪಂಪಿಗೆ ಪೈಪು ಬಂದು ಸೇರುವ ಬಾಯಿಗೆ ನಾಜಲ್ ಎಂದು ಹೆಸರು. ಪೈಪುಗಳ ವಿನ್ಯಾಸ ಮಾಡುವ ಆ ಕಚೇರಿಯವರ ಲೆಕ್ಕದಲ್ಲಿ ಮಾತ್ರ ಅದು ಎರಡು ಮನೆತನ ಕೂಡುವ ಜಾಗ. ಪೈಪಿನವರು ಗಂಡಿನ ಕಡೆ, ಪಂಪಿನವರು ಹೆಣ್ಣಿನ ಕಡೆ. ಪಂಪು ಮಾಡಿಕೊಡುವ ಕಂಪನಿಯ ನರೆತ ಮೀಸೆಯ ಎಂಜಿನಿಯರರನ್ನು ಎಲ್ಲರೂ ಬೀಗರೆಂದೇ ಕರೆಯುತ್ತಿದ್ದರು.

ಅಂದು ಬೀಗರು ಬಂದು ಕೂತಾಗ, ಪೈಪಿನ ಕಡೆಯ ಲೆಕ್ಕ ಹಾಕುತ್ತಿದ್ದ ಹುಡುಗಿಯ ಕಂಪ್ಯೂಟರ್ ಪರದೆಯಲ್ಲಿ ಒಂದು ಸಾಲು ಕೆಂಪಾಗಿತ್ತು. ಗಾಳಿಯ ಲೆಕ್ಕ ಸಲೀಸಾಗಿ ಪಾಸಾಗಿತ್ತು. ಭೂಕಂಪದ ಲೆಕ್ಕದಲ್ಲಿ ಮಾತ್ರ ಪೈಪು ನಾಜಲನ್ನು ತಿರುಚುವ ಬಲ ಮಿತಿಯನ್ನು ಚೂರು ದಾಟಿತ್ತು. ಸಹಿ ಹಾಕುವ ಅಧಿಕಾರ ಸಿಕ್ಕ ಮೇಲೆ ಅವಳ ಮೊದಲ ಲೆಕ್ಕ ಅದು. ಎಡವಟ್ಟಾದರೆ ಹೊಣೆ ಅವಳದೇ.

ಎರಡನ್ನೂ ಒಟ್ಟಿಗೆ ಕೂಡಿಸಿಬಿಟ್ಟೆಯೇನಮ್ಮ ಎಂದು ಬೀಗರು ಕೆಣಕಿದರು. ಬಿರುಗಾಳಿಯೂ ಭೂಕಂಪವೂ ಮಾತಾಡಿಕೊಂಡು ಒಂದೇ ಗಳಿಗೆಗೆ ಬರುವುದಿಲ್ಲವಲ್ಲ, ಬೇರೆಬೇರೆಯಾಗಿಯೇ ಹಾಕಿದ್ದೇನೆ ಎಂದಳು.

ಬೀಗರು ಮೀಸೆ ಸವರಿಕೊಂಡರು. "ಹೋಗ್ಲಿ ಬಿಡಮ್ಮ. ಇಷ್ಟಕ್ಕೆಲ್ಲ ನಮ್ಮ ಪಂಪೇನೂ ಅಳಲ್ಲ. ನಡೆಯುತ್ತೆ ಅಂತ ಬರ್ಕೊಡ್ತೀನಿ."

ಬೀಗರ ಬಾಯಲ್ಲಿ ಇಂಥ ಮಾತು ಬಂದದ್ದೇ ಅಪರೂಪ. ಪಕ್ಕದಲ್ಲೇ ನಿಂತಿದ್ದ ಅವಳ ಮೇಲಧಿಕಾರಿಯ ಮುಖ ಅರಳಿತು.

"ಬೇಡ ಸಾರ್," ಎಂದಳು ಅವಳು. "ಯಾಕೆ ಜಾಸ್ತಿಯಾಯ್ತು ಅಂತ ನನಗೇ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಹೇಗೆ ಸಹಿ ಹಾಕ್ಲಿ? ಊಟದ ಹೊತ್ತಿನವರೆಗೆ ಬಿಡಿ."

ಒಲಿದು ಬಂದದ್ದನ್ನು ಒದೆಯುವವಳನ್ನು ನೋಡುವಂತೆ ಮೇಲಧಿಕಾರಿ ನೋಡಿದರು. ಪಂಪಿನ ಪಕ್ಕದಲ್ಲೇ ಪೈಪನ್ನು ಬಿಗಿದುಬಿಡು ಎಂದು ಹೇಳಿ ಹೋದರು. ಬಿಗಿದು ನೋಡಿದಳು. ಭೂಕಂಪ ತಣ್ಣಗಾಯಿತು. ಆದರೆ ಬಿಸಿ ಎಣ್ಣೆ ಹರಿದಾಗ ಹಿಗ್ಗುವ ಪೈಪಿಗೆ ಸರಿಯಲು ಜಾಗವಿಲ್ಲದೆ, ಅದು ಪಂಪನ್ನೇ ನೂಕತೊಡಗಿತು.

ಹಿಡಿಯಬೇಕಾದ ಜಾಗ ಬೇರೆ ಇರಬೇಕು. ಎಷ್ಟು ಹೆಚ್ಚಾಯಿತು ಎಂಬುದನ್ನು ಬಿಟ್ಟು, ಹೆಚ್ಚಿಸಿದವರು ಯಾರು ಎಂದು ಹುಡುಕತೊಡಗಿದಳು. ಲೆಕ್ಕದಲ್ಲಿದ್ದ ಭಾರಗಳನ್ನು ಒಂದೊಂದಾಗಿ ತೆಗೆಯುತ್ತ ಹೋದಳು. ಪೈಪಿನ ನಡುವೆ ಕೂತಿದ್ದ ವಾಲ್ವಿನ ಭಾರ ತೆಗೆದದ್ದೇ ತಡ, ಕೆಂಪು ಮಾಯವಾಯಿತು. ಸೊಂಟದ ಒಂದೇ ಕಡೆ ಕೊಡ ಹೊತ್ತವರಂತೆ ಆ ವಾಲ್ವು ತನ್ನನ್ನು ತೆರೆದು ಮುಚ್ಚುವ ಮೋಟರನ್ನು ಪಕ್ಕಕ್ಕೆ ಚಾಚಿಕೊಂಡಿತ್ತು. ನೆಲ ನಡುಗಿದರೆ ಮೋಟರು ಓಲಾಡಿ ಪೈಪನ್ನು ಹೊರಳಿಸುತ್ತಿತ್ತು. ಆ ಹೊರಳಾಟವನ್ನೆಲ್ಲ ಪಂಪಿನ ಕೊರಳಿನಂತಿದ್ದ ನಾಜಲ್ಲೇ ತಡೆದುಕೊಳ್ಳಬೇಕಿತ್ತು.

ವಾಲ್ವಿನ ಬುಡಕ್ಕೇ ಎರಡು ಕಾಲಿನ ಆಧಾರ ಕೊಟ್ಟಳು. ಪೈಪು ಉದ್ದಕ್ಕೆ ಜಾರಬಹುದು, ಪಕ್ಕಕ್ಕೆ ಓಲುವಂತಿಲ್ಲ, ಹೊರಳುವಂತಿಲ್ಲ. ಬಿಸಿ, ಗಾಳಿ, ಭೂಕಂಪ ಮೂರರ ಲೆಕ್ಕವನ್ನೂ ಮತ್ತೆ ಹಾಕಿದಳು. ಎಲ್ಲವೂ ಮಿತಿಯೊಳಗೆ ಬಂದವು, ಅದೂ ಧಾರಾಳವಾಗಿ.

ಊಟ ಮುಗಿಸಿ ಮೇಲಧಿಕಾರಿಯ ಜೊತೆ ಬಂದ ಬೀಗರು ಕನ್ನಡಕ ಏರಿಸಿ, ವಾಲ್ವಿನ ನಕ್ಷೆಯೊಂದಿಗೆ ಅವಳು ಹಾಕಿದ ತೂಕವನ್ನು ತಾಳೆ ನೋಡಿದರು. ತಪ್ಪು ಸಿಗಲಿಲ್ಲ.

"ಅಲ್ಲಮ್ಮ, ನಾನು ಬರ್ಕೊಟ್ಟಿದ್ರೆ ಈ ತಲೆನೋವೇ ಇರ್ತಿರ್ಲಿಲ್ಲ."

"ಭೂಕಂಪ ಆದಾಗ ನಡುಗೋದು ನೀವು ಬರ್ಕೊಡೋ ಕಾಗದ ಅಲ್ವಲ್ಲ ಸಾರ್, ಪಂಪು."

ಮೇಲಧಿಕಾರಿ ಮೊದಲು ನಕ್ಕರು, ಆಮೇಲೆ ಬೀಗರೂ. ಅವಳು ಸಹಿ ಹಾಕಿದಳು. ಬೀಗರು ಎದ್ದು ಹೋಗುವ ಬದಲು ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು ಚೀಲದಿಂದ ಇನ್ನೊಂದು ಪಂಪಿನ ನಕ್ಷೆ ತೆಗೆದರು. ಬೇರೊಬ್ಬರಿಗೆ ಈಗಾಗಲೇ ನಡೆಯುತ್ತೆ ಎಂದು ಬರೆದುಕೊಟ್ಟದ್ದಂತೆ. ಇದನ್ನೂ ಒಂಚೂರು ನೋಡಮ್ಮ ಎಂದರು.