ನೀರಿನ ತೊಟ್ಟಿಯ ಬಳಿ ಹನ್ನೊಂದು ನಿಮಿಷ

ಅಕ್ಕ ಕುದುರೆ ಸಾಕಿದವಳು, ತಮ್ಮ ಬಸ್ಸು ಓಡಿಸಿದವನು. ಇಬ್ಬರಿಗೂ ಐವತ್ತು ದಾಟಿತ್ತು, ಇಬ್ಬರಿಗೂ ತಾವು ಹೇಳಿದ್ದೇ ಸರಿ. ಈ ವಯಸ್ಸಿನಲ್ಲಿ ತಮ್ಮನಿಗೆ ದೂರದ ಸವಾರಿಯ ಹುಚ್ಚು ಯಾಕೆ ಹಿಡಿಯಿತು ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಒಂದು ಭಾನುವಾರ ಅಕ್ಕನ ಲಾಯಕ್ಕೆ ಬಂದ, ಬೂದಿ ಎಂಬ ಬೂದುಬಣ್ಣದ ಹೆಣ್ಣುಕುದುರೆಯ ಮೇಲೆ ಕೂತ, ಆಮೇಲೆ ಇಳಿಯಲು ಮನಸ್ಸಾಗಲಿಲ್ಲ.

ಲಾಯದಲ್ಲಿ ಅವನ ಹೆಸರು ಎಕ್ಸ್‌ಪ್ರೆಸ್. ಇಪ್ಪತ್ತೆರಡು ವರ್ಷದಲ್ಲಿ ಅವನ ಬಸ್ಸು ಒಂದು ದಿನವೂ ತಡವಾದದ್ದಿಲ್ಲ, ಓಡಿ ಬಂದವರಿಗಾಗಿ ನಿಂತದ್ದೂ ಇಲ್ಲ. ಒಮ್ಮೆ ಸ್ವಂತ ಹೆಂಡತಿಯನ್ನೇ ನಿಲ್ದಾಣದಲ್ಲಿ ಬಿಟ್ಟು ಹೊರಟಿದ್ದ. ಸಂಜೆ ಮನೆಯಲ್ಲಿ ತಕ್ಕ ಮಂಗಳಾರತಿಯೂ ಆಗಿತ್ತು.

ಈಗ ಅವನಿಗೆ ಎಂಬತ್ತು ಕಿಲೋಮೀಟರ್ ಸವಾರಿ ಮಾಡಬೇಕಿತ್ತು. ಅದಕ್ಕೆ ಅರ್ಹನಾಗಲು ಮೊದಲು ನಲವತ್ತನ್ನು ಆರು ಗಂಟೆಯೊಳಗೆ ಮುಗಿಸಬೇಕು. ಆದರೆ ಈ ಸವಾರಿ ಗೆರೆ ದಾಟಿದರೆ ಮುಗಿಯುವುದಿಲ್ಲ. ಕುದುರೆಯ ಎದೆಬಡಿತ ನಿಮಿಷಕ್ಕೆ ಅರವತ್ತನಾಲ್ಕಕ್ಕೆ ಇಳಿದಾಗಲೇ ಗಡಿಯಾರ ನಿಲ್ಲುವುದು. ಬಂದು ಅರ್ಧ ಗಂಟೆಯಾದರೂ ಇಳಿಯದಿದ್ದರೆ ಫೇಲು. ಎಕ್ಸ್‌ಪ್ರೆಸ್ ಎರಡು ಸಲ ಎಲ್ಲರಿಗಿಂತ ಮೊದಲು ಬಂದ, ಎರಡು ಸಲವೂ ಫೇಲಾದ. ಕುದುರೆ ಕಮ್ಮಾರನ ತಿದಿಯಂತೆ ಉಸಿರು ಬಿಡುತ್ತಾ ನಿಂತಿದ್ದರೆ ಇವನು ಕೈಗಡಿಯಾರ ತೋರಿಸಿ ವಾದ ಮಾಡುತ್ತಿದ್ದ.

"ಅವಳಿಗೆ ಡೀಸೆಲ್ ಹಾಕಿಲ್ಲ ಕಣೋ, ಹುಲ್ಲು ಹಾಕಿರೋದು," ಎಂದಳು ಅಕ್ಕ. "ಇನ್ನೊಂದೇ ಚಾನ್ಸು. ಈ ಸಲವೂ ನಪಾಸಾದ್ರೆ ನನ್ನ ಕುದುರೆ ನನಗೆ, ನಿನ್ನ ಬಸ್ಸು ನಿನಗೆ."

ಮೂರು ತಿಂಗಳು ತರಬೇತಿ ನಡೆಯಿತು. ವಾರಕ್ಕೆ ಮೂರು ದಿನ ನಡಿಗೆ, ನಡುನಡುವೆ ಸಣ್ಣ ಓಟ, ದೂರ ಹೆಚ್ಚಿಸಿದ ವಾರ ವೇಗ ಹೆಚ್ಚಿಸುವಂತಿಲ್ಲ. ಎಕ್ಸ್‌ಪ್ರೆಸ್ ಹಲ್ಲು ಕಚ್ಚಿ ಕೂತ. ಸೈಕಲ್ಲುಗಳು ಅವನನ್ನು ದಾಟಿ ಹೋದವು. ಒಂದು ಬೆಳಿಗ್ಗೆ ತರಕಾರಿ ಚೀಲ ಹೊತ್ತ ಅಜ್ಜಿಯೊಬ್ಬಳು ದಾಟಿಹೋದಳು, ಹೋಗುತ್ತಾ "ಕುದುರೆಗೆ ಹುಷಾರಿಲ್ವೇನಪ್ಪಾ?" ಎಂದು ಕೇಳಿದಳು.

ದಾರಿಯ ಮರ್ಯಾದೆಯನ್ನೂ ಅಕ್ಕ ಕಿವಿ ಹಿಂಡಿ ಕಲಿಸಿದಳು. ಮುಂದಿನವರನ್ನು ದಾಟುವ ಮುಂಚೆ ಕೂಗಿ ಕೇಳಬೇಕು, ಅವರು ಹೂಂ ಅಂದ ಮೇಲೆ ನಿಧಾನಕ್ಕೆ ದಾಟಬೇಕು.

"ಹಾರ್ನ್ ಹೊಡೆದ ಹಾಗೆ?"

"ಹಾರ್ನ್ ಹೊಡೆದು ಉತ್ತರಕ್ಕೆ ಕಾದಿದ್ಯಾ ಯಾವತ್ತಾದ್ರೂ?"

ಅವನು ಜೀನಿನ ಪಟ್ಟಿ ಬಿಗಿಯತೊಡಗಿದ, ಅಕ್ಕ ಮುಂದುವರಿಸಿದಳು.

"ನೀರಿನ ಹತ್ರ ಇನ್ನೊಂದು ಕುದುರೆ ಕುಡೀತಿದ್ರೆ, ಅದು ತಲೆ ಎತ್ತೋವರೆಗೂ ನೀನು ಹೊರಡೋ ಹಾಗಿಲ್ಲ. ಜೊತೆಯವಳು ಹೋದಳು ಅಂತ ಅದು ಕುಡಿಯೋದು ಬಿಟ್ಟು ಹಿಂದೆ ಓಡುತ್ತೆ. ಆಮೇಲೆ ಬಿಸಿಲಲ್ಲಿ ಬೀಳುತ್ತೆ."

ಸವಾರಿಯ ದಿನ ಮೊದಲ ತಾಸಿನಲ್ಲೇ ಹೊಳೆಯುವ ಬೂಟಿನ ಮೂವರು ಸವಾರರು ಕೂಗದೆ ಕೇಳದೆ ಧೂಳೆಬ್ಬಿಸಿ ಪಕ್ಕದಲ್ಲೇ ನುಗ್ಗಿಹೋದರು. ದುಬಾರಿ ಕುದುರೆ, ಅಗ್ಗದ ಬುದ್ಧಿ. ಎಕ್ಸ್‌ಪ್ರೆಸ್‌ನ ಹಿಮ್ಮಡಿ ತಾನಾಗಿಯೇ ಆಡಿತು, ಆದರೆ ಕುದುರೆಯ ಹೊಟ್ಟೆಗೆ ತಾಗುವ ಮೊದಲೇ ತಡೆದುಕೊಂಡ. ಬೈಗುಳವನ್ನು ಮಾತ್ರ ತಡೆಯಲಿಲ್ಲ.

ಮೂವತ್ತನಾಲ್ಕನೆಯ ಕಿಲೋಮೀಟರಿನ ತೊಟ್ಟಿಗೆ ಬಂದಾಗ ಐವತ್ತೆಂಟು ನಿಮಿಷ ಉಳಿದಿತ್ತು. ದಾರಿಗೆ ನಲವತ್ತೈದು, ಎದೆಬಡಿತ ಇಳಿಯಲು ಹತ್ತು. ಲೆಕ್ಕ ಪಕ್ಕಾ. ಬೂದಿ ಗಟಗಟ ಕುಡಿದು ಮೂತಿ ಎತ್ತಿದಳು. ಅಷ್ಟರಲ್ಲಿ ಇನ್ನೊಬ್ಬ ಸವಾರರು, ಊರಿನ ಹಲ್ಲಿನ ಡಾಕ್ಟರು, ಬಂದರು. ಅವರ ಕಂದು ಕುದುರೆ ಎಳೆಯದು, ಮೊದಲ ಸವಾರಿ. ಒಂದು ಗುಟುಕು ಕುಡಿಯಿತು, ಮೋಡ ನೋಡಿತು. ಇನ್ನೊಂದು ಗುಟುಕು, ಬೂದಿಯ ಕಿವಿ ಮೂಸಿತು.

ಎಕ್ಸ್‌ಪ್ರೆಸ್ ಗಡಿಯಾರ ನೋಡಿದ. ಆಗಲೇ ನಾಲ್ಕು ನಿಮಿಷ ಕಳೆದಿತ್ತು.

"ನೀವು ಹೊರಡಿ ಡ್ರೈವರ್ರೇ," ಎಂದರು ಡಾಕ್ಟರು. "ಇವನು ಹೀಗೇನೇ."

"ಮೊದ್ಲು ಕುಡೀಲಿ."

"ನಿಮಗೆ ತಡ ಆಗುತ್ತೆ."

"ಹಲ್ಲು ಕೀಳೋವಾಗ ಅರ್ಧಕ್ಕೆ ಬಿಟ್ಟು ಎದ್ದು ಹೋಗ್ತೀರಾ ಡಾಕ್ಟ್ರೇ?"

ಬೂದಿ ಒಂದು ಹೆಜ್ಜೆ ಸರಿದಳು. ತಕ್ಷಣ ಎಳೆಯದು ನೀರು ಬಿಟ್ಟು ತಲೆ ಎತ್ತಿತು. ಅವಳು ನಿಂತಳು, ಅದು ಬಗ್ಗಿತು. ಅಕ್ಕ ಹೇಳಿದ್ದನ್ನು ಎಕ್ಸ್‌ಪ್ರೆಸ್ ಕಣ್ಣಾರೆ ಕಂಡದ್ದು ಅದೇ ಮೊದಲು. ಕೆಳಗಿಳಿದು ಹಗ್ಗ ಹಿಡಿದು ನಿಂತುಬಿಟ್ಟ. ತಲೆಯೊಳಗೆ ಇಪ್ಪತ್ತೆರಡು ವರ್ಷದ ಬಸ್ಸು ಗುರುಗುಡುತ್ತಿತ್ತು. ಎಳೆಯದು ಹೊಟ್ಟೆ ತುಂಬ ಕುಡಿದು ಮುಗಿಸುವಾಗ ಹನ್ನೊಂದು ನಿಮಿಷವಾಗಿತ್ತು.

ಈಗ ಉಳಿದದ್ದು ನಲವತ್ತೇಳು. ನಾಗಾಲೋಟಕ್ಕೆ ಬಿಟ್ಟರೆ ಬೇಗ ಸೇರಬಹುದು. ಸೇರಿ, ಮತ್ತೆ ತಿದಿಯಾದ ಕುದುರೆಯ ಪಕ್ಕ ನಿಂತು ವಾದ ಮಾಡಬಹುದು. ಅವನು ಓಡಿಸಲಿಲ್ಲ. ಕೊನೆಯ ಕಿಲೋಮೀಟರಿಗೆ ಕುದುರೆಯಿಂದ ಇಳಿದು, ಹೊಟ್ಟೆ ಕುಲುಕಿಸುತ್ತಾ ಅವಳ ಪಕ್ಕದಲ್ಲೇ ಓಡಿದ. ಹಿಂದೆ ಡಾಕ್ಟರೂ ಇಳಿದು ಓಡಿದರು. ಗೆರೆಯ ಬಳಿ ನಿಂತವರಿಗೆ ಯಾರು ಯಾರನ್ನು ಕರೆತರುತ್ತಿದ್ದಾರೆ ಎಂದು ಹೇಳುವುದು ಕಷ್ಟವಾಯಿತು.

ಗೆರೆ ದಾಟಿದಾಗ ಎರಡು ನಿಮಿಷ ಬಾಕಿ. ಪಶುವೈದ್ಯರು ಸ್ಟೆತೊಸ್ಕೋಪು ಇಟ್ಟರು. ಎಪ್ಪತ್ತೆರಡು. ಅಕ್ಕ ಎರಡು ಬಕೆಟ್ಟು ತಣ್ಣೀರು ತಂದು ಒಂದನ್ನು ಬೂದಿಯ ಕುತ್ತಿಗೆಗೆ ಸುರಿದಳು. ಅರವತ್ತೆಂಟು. ಗಡಿಯಾರ ಆರು ಗಂಟೆ ದಾಟಿತು. ಅರವತ್ತನಾಲ್ಕಕ್ಕೆ ಇಳಿಯುವಾಗ ಮೂರು ನಿಮಿಷ ಮೀರಿತ್ತು.

"ಕುದುರೆ ಚೆನ್ನಾಗಿದೆ," ಎಂದರು ವೈದ್ಯರು. "ಸಮಯ ಮೀರಿದೆ."

ಎಕ್ಸ್‌ಪ್ರೆಸ್ ವಾದಿಸಲಿಲ್ಲ. ಅದನ್ನು ಕಂಡು ಅಕ್ಕನಿಗೇ ಗಾಬರಿಯಾಯಿತು.

"ಎಲ್ಲಿ ಕಳೆದುಹೋಗಿದ್ದೆ?"

ಡಾಕ್ಟರು ಏದುಸಿರಿನಲ್ಲೇ ತೊಟ್ಟಿಯ ಕಥೆ ಪೂರ್ತಿ ಹೇಳಿದರು, ತಮ್ಮ ಕುದುರೆ ಮೋಡ ನೋಡಿದ್ದನ್ನೂ ಬಿಡದೆ.

"ಹನ್ನೊಂದು ನಿಮಿಷ," ಎಂದಳು ಅಕ್ಕ. "ಇವನು?"

"ನಾನೇ ಹೋಗಿ ಅಂದೆನಮ್ಮಾ. ಕೇಳಲೇ ಇಲ್ಲ."

ಎಕ್ಸ್‌ಪ್ರೆಸ್ ಬೂದಿಯ ಹಣೆ ಸವರಿ, ಹಗ್ಗವನ್ನು ಅಕ್ಕನ ಕಡೆ ಚಾಚಿದ. "ತಗೋ. ಮಾತು ಮಾತೇ."

ಅಕ್ಕ ಹಗ್ಗವನ್ನು ನೋಡಿದಳು, ತಮ್ಮನ ಕೆಂಪೇರಿದ ಮುಖವನ್ನು ನೋಡಿದಳು. "ಎರಡು ಕೈಲೂ ಬಕೆಟ್ ಇರೋದು ಕಾಣಲ್ವಾ ನಿನಗೆ? ನೀನೇ ಹಿಡ್ಕೊಂಡು ನಡೆಸು, ನಿಂತ್ರೆ ಕಾಲು ಬಿಗಿಯುತ್ತೆ ಅವಳಿಗೆ."

ಒಂದು ಬಕೆಟ್ಟು ಖಾಲಿಯಾಗಿತ್ತು. ಅದನ್ನು ಕೆಳಗಿಡುವುದು ಕಷ್ಟವೇನಲ್ಲ.

"ಮಂಗಳವಾರದಿಂದ ಮತ್ತೆ ಶುರು," ಎಂದಳು, ಅವನು ಹತ್ತು ಹೆಜ್ಜೆ ಹೋದ ಮೇಲೆ. "ಹದಿನೈದು ಕಿಲೋಮೀಟರು, ಬರೀ ನಡಿಗೆ. ಆರೂವರೆಗೆ ಬಾ."

"ಆರೂಕಾಲಿಗೆ ಬರ್ತೀನಿ."

"ಆರೂವರೆ ಅಂದೆ."

"ಆಯ್ತಕ್ಕಾ," ಎಂದು ಅವನು ಕುದುರೆಯ ಹೆಜ್ಜೆಗೆ ಹೆಜ್ಜೆ ಹಾಕಿ ನಡೆದ.