ಆಲ್ಬಮ್ಮಿನ ರಾಣಿ

ನಾಟಕ ಕಂಪನಿಯ ದರ್ಜಿಯಾಗಿದ್ದ ಅಪ್ಪನ ಆಲ್ಬಮ್ಮಿನಲ್ಲಿ ಒಂದು ಪೆನ್ಸಿಲ್ ಚಿತ್ರವಿದೆ. ಅದರ ಜಗಳ ನನಗಿಂತ ಹಿರಿಯದು. ಹಳೇ ಕಾಲದ ರಾಣಿಯ ಉಡುಪು, ಹೆಗಲಿಂದ ಪಾದದವರೆಗೆ ಇಳಿದ ನೆರಿಗೆ, ಎತ್ತಿ ಕಟ್ಟಿದ ಮುಡಿ, ಓರೆಯಾಗಿ ಬಾಗಿದ ಕತ್ತು. ಯಾರು ಇವಳು ಎಂದು ಅಮ್ಮ ಕೇಳುವುದು, ಯಾರೂ ಅಲ್ಲ ಎಂದು ಅಪ್ಪ ಗೊಣಗುವುದು. ಯಾರೂ ಅಲ್ಲದವಳ ಕತ್ತು ಅಷ್ಟು ಚೆನ್ನಾಗಿ ಬರುತ್ತದೆಯೇ? ನಾನೂ ಅಮ್ಮನ ಪಕ್ಷವೇ.

ಅವರ ಮದುವೆಯ ಐವತ್ತನೇ ವರ್ಷಕ್ಕೊಂದು ಜೋಡಿ ಫೋಟೋ ಇರಲೆಂದು ಫೋಟೋಗ್ರಾಫರನ್ನು ಮನೆಗೆ ಕರೆಸಿದ್ದೆ. ಆ ಪುಣ್ಯಾತ್ಮ ಕ್ಯಾಮೆರಾ ಬಿಟ್ಟು ಆಲ್ಬಮ್ ತಿರುವಿದ. "ಯಾರಮ್ಮ ಇವ್ರು? ಎಷ್ಟು ಲಕ್ಷಣವಾಗಿದ್ದಾರೆ" ಎಂದ.

"ಅವಳನ್ನೇ ಕೂರಿಸಿ ತೆಗೀರಿ" ಎಂದು ಅಮ್ಮ ಎದ್ದು ಅಡುಗೆಮನೆಗೆ ಹೋದಳು. ಹಿಂದೆಯೇ ಹೋಗಿ ಬೇಡಿಕೊಂಡೆ.

"ಐವತ್ತು ವರ್ಷ ಸುಮ್ನಿದ್ದೆ. ಇನ್ನು ಅವರ ಪಕ್ಕ ಕೂತು ಹಲ್ಲು ಕಿರಿಯೋಕೆ ನನ್ನ ಕೈಲಾಗಲ್ಲ."

ಅವಳು ಸುಮ್ಮನಿದ್ದ ದಿನವೇ ನನಗೆ ನೆನಪಿಲ್ಲ. ಆದರೆ ಕಣ್ಣು ತುಂಬಿತ್ತು. ಅಪ್ಪನ ಮೇಲೆ ಮೈಯೆಲ್ಲ ಉರಿದು ಹಜಾರಕ್ಕೆ ಬಂದೆ.

"ಈಗಲಾದ್ರೂ ಬಾಯಿ ಬಿಡಪ್ಪ" ಎಂದೆ.

"ಯಾರ್ದಾದ್ರೂ ಮೈಮೇಲೆ ಬಟ್ಟೆ ಇಳಿಬಿಟ್ಟು ಚಿತ್ರ ಬರ್ಕೊಳ್ದೆ ನಾನು ಕತ್ತರಿ ಹಾಕಿದೋನಲ್ಲ. ಅವತ್ತು ನಟಿ ಬರ್ಲಿಲ್ಲ, ಅಂಗಡೀಲಿದ್ದೋರನ್ನ ನಿಲ್ಲಿಸ್ಕೊಂಡೆ. ಯಾರಂತ ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ."

ಮೂಲೆಯಲ್ಲಿದ್ದ ದೊಡ್ಡಮಾವ ಕೆಮ್ಮಿದರು. ಅಮ್ಮನ ಅಣ್ಣ, ಜೈಲರಾಗಿ ನಿವೃತ್ತರಾದವರು. ಅವರ ಮೀಸೆ ಕಂಡರೆ ಬೀದಿನಾಯಿಯೂ ದಾರಿ ಬಿಡುತ್ತದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವರ ಕೈ ಆ ಮೀಸೆಗೆ ಹೋಯಿತು. ಎದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ನಾನೇ ಕಣೇ ಅದು. ಆಗ ಮೀಸೆ ಬಿಟ್ಟಿರ್ಲಿಲ್ಲ. ಜೈಲಲ್ಲಿ ಗೊತ್ತಾಗಿದ್ರೆ ಕೈದಿಗಳು ನನ್ನ ಮರ್ಯಾದೆ ಉಳಿಸ್ತಿದ್ರಾ? ನೀವಿಬ್ರೂ ಇದಕ್ಕೆ ಕಿತ್ತಾಡ್ತೀರ ಅಂತ ಇವತ್ತೇ ಗೊತ್ತಾಗಿದ್ದು."

ಅಮ್ಮ ನಂಬಲಿಲ್ಲ. ಮಾವ ಮೇಜಿನ ಹಾಸು ಎಳೆದು ಹೆಗಲಿಗೆ ಹಾಕಿಕೊಂಡು ಕತ್ತು ಬಾಗಿಸಿದರು. ಅದೇ ಕತ್ತು! ಅಮ್ಮ ನಕ್ಕು ನಕ್ಕು ನೆಲದ ಮೇಲೇ ಕೂತಳು.

"ಅಯ್ಯೋ ನಿನ್ನ, ಇಷ್ಟು ವರ್ಷ ನಿನ್ನ ಮೇಲೆ ಹೊಟ್ಟೆ ಉರ್ಕೊಂಡ್ನಾ? ಮೂಗು ನಮ್ಮನೇದೇ ಅಂತ ಹೊಳೀಲೇ ಇಲ್ವಲ್ಲ."

ಕಣ್ಣೊರೆಸಿಕೊಂಡು ಅಪ್ಪನ ಹತ್ತಿರ ಬಂದಳು. "ಅಷ್ಟು ಬೈಸ್ಕೊಂಡ್ರೂ ಹೇಳ್ಲಿಲ್ಲ ನೀವು."

"ಮಾತು ಕೊಟ್ಟಿದ್ನಲ್ಲ."

"ಅವನಿಗೆ ಕೊಟ್ಟಿದ್ದನ್ನೇ ಇಷ್ಟು ಕಾಲ ಉಳಿಸ್ಕೊಂಡೋರು, ನಂಗೆ ಕೊಟ್ಟಿದ್ದನ್ನ ಬಿಟ್ಟಿರ್ತೀರಾ? ನನ್ನ ಬುದ್ಧಿಗಿಷ್ಟು." ಅಮ್ಮ ಅಪ್ಪನ ತೋಳಿಗೆ ತೋಳು ತಾಗಿಸಿ ಕೂತಳು.

"ಸ್ವಲ್ಪ ಆಚೆ ಸರೀರಿ ಅಮ್ಮ, ನೆರಳು ಬೀಳ್ತಿದೆ" ಎಂದ ಫೋಟೋಗ್ರಾಫರ್.

"ಬೀಳ್ಲಿ ಬಿಡಪ್ಪ. ನಾನಿಲ್ಲಿಂದ ಸರಿಯಲ್ಲ."